ಬಹುಮತವಿಲ್ಲದ ಸಭೆ ಮತ್ತು ಘಟಪ್ರಭೆಯ ನಾಲ್ಕು ಕ್ಷೇತ್ರಗಳು

ಚುನಾವಣೆ ಮುಗಿದು, ಮತಗಳ ಎಣಿಕೆಯೂ ತೀರಿ, ಗೆದ್ದವರಾರು ಸೋತವರಾರೆಂಬುದು ಪ್ರತಿಯೊಂದು ಕ್ಷೇತ್ರದಲ್ಲಿಯೂ ನಿಷ್ಕರ್ಷೆಯಾದ ಬಳಿಕ, ಆಳುವವರಾರೆಂಬ ಪ್ರಶ್ನೆಯೊಂದು ಮಾತ್ರ ಉತ್ತರವಿಲ್ಲದೆ ಉಳಿದುಬಿಡುವ ಸಂದರ್ಭವು ಪ್ರಾತಿನಿಧಿಕ ಸಭೆಗಳ ಚರಿತ್ರೆಯಲ್ಲಿ ಅಪೂರ್ವವಾದುದೇನೂ ಅಲ್ಲ. ಗ್ರಾಮ ಪಂಚಾಯಿತಿಯಿಂದ ಮೊದಲ್ಗೊಂಡು ನಗರಸಭೆ, ಮಹಾನಗರಪಾಲಿಕೆ, ವಿಧಾನಸಭೆಗಳವರೆಗೆ, ನಮ್ಮ ನಾಡಿನಲ್ಲಿಯೂ ಇಂಗ್ಲೆಂಡಿನಂತಹ ಹಳೆಯ ಪ್ರಜಾಸತ್ತೆಯಲ್ಲಿಯೂ, ಯಾವೊಂದು ಪಕ್ಷಕ್ಕೂ ಅರ್ಧಕ್ಕಿಂತ ಮಿಕ್ಕ ಸ್ಥಾನಗಳು ದೊರೆಯದ ತೀರ್ಪನ್ನು ಮತದಾರರು ಮತ್ತೆ ಮತ್ತೆ ಇತ್ತಿದ್ದಾರೆ. ಕರ್ನಾಟಕದ ವಿಧಾನಸಭೆಗೆ ಇಂತಹ ತೀರ್ಪು ನಾಲ್ಕು ಬಾರಿ ಬಂದಿತು: 1983ರಲ್ಲಿ, 2004ರಲ್ಲಿ, 2008ರಲ್ಲಿ ಮತ್ತು 2018ರಲ್ಲಿ. ಇವುಗಳಲ್ಲಿ ಕಡೆಯ ಎರಡು ಸಂದರ್ಭಗಳಲ್ಲಿಯೂ, ಅವೆರಡರ ನಡುವೆ ಒದಗಿದ 2010ರ ಬಿಕ್ಕಟ್ಟಿನಲ್ಲಿಯೂ, ಸರಕಾರಗಳ ಅಳಿವು ಉಳಿವುಗಳ ಸೂತ್ರವು ಬೆಂಗಳೂರಿನಿಂದ ಐನೂರು ಕಿಲೋಮೀಟರುಗಳಷ್ಟು ದೂರದ ಘಟಪ್ರಭಾ ನದಿಯ ಕಣಿವೆಯಲ್ಲಿ, ಒಂದಕ್ಕೊಂದು ತಗುಲಿಕೊಂಡಿರುವ ಕೆಲವೇ ಕ್ಷೇತ್ರಗಳ ಪ್ರತಿನಿಧಿಗಳ ಕೈಯಲ್ಲಿ ನಿಂತಿತ್ತೆಂಬುದು ನಮ್ಮ ರಾಜಕೀಯ ಚರಿತ್ರೆಯ ವಿಶೇಷಗಳಲ್ಲೊಂದು. ಆ ಕಥನವನ್ನು ಕ್ರಮವಾಗಿ ನಿರೂಪಿಸಿ, ಅದರಿಂದ ನಾವು ಕಲಿಯಬೇಕಾದುದೇನೆಂಬುದನ್ನು ವಿಚಾರಿಸುವುದು ಈ ಲೇಖನದ ಉದ್ದೇಶ.

ಬೆಳಗಾವಿಯಿಂದ ಕೊಲ್ಲಾಪುರದ ದಿಕ್ಕಿಗೆ ಹೊರಟ ರಾಷ್ಟ್ರೀಯ ಹೆದ್ದಾರಿಯ ಮೇಲೆ, ಹುಕ್ಕೇರಿ ತಾಲ್ಲೂಕಿನಲ್ಲಿ, ಯಮಕನಮರಡಿ ಎಂಬ ಊರಿದೆ. ದೊಡ್ಡ ಊರೇನಲ್ಲ, ಆದರೆ 2008ರ ಕ್ಷೇತ್ರ ಪುನರ್ವಿಂಗಡಣೆಯಲ್ಲಿ ಪರಿಶಿಷ್ಟ ಪಂಗಡಕ್ಕೆ ಮೀಸಲಾದ ಹೊಸ ವಿಧಾನಸಭಾ ಕ್ಷೇತ್ರಕ್ಕೆ ಅದರ ಹೆಸರು ಬಂದಿತು. ಹುಕ್ಕೇರಿ ತಾಲ್ಲೂಕಿನ ಹಳ್ಳಿಗಳ ಜೊತೆಗೆ ಬೆಳಗಾವಿ ತಾಲ್ಲೂಕಿನ ಕೆಲವು ಊರುಗಳೂ, ಅವುಗಳಲ್ಲಿ ಕಿತ್ತೂರ ರಾಣಿ ಚೆನ್ನಮ್ಮನ ತವರೂರಾದ ಕಾಕತಿಯೂ, ಈ ಕ್ಷೇತ್ರದಲ್ಲಿ ಸೇರಿವೆ. ಇದರ ನೆರೆಗೆ ಹುಕ್ಕೇರಿ ಕ್ಷೇತ್ರ. ಹಿಡಕಲ್ ಜಲಾಶಯದಿಂದ ಕೆಳಗಿಳಿದು ಪೂರ್ವಕ್ಕೆ ನಡೆದರೆ, ಜಲಪಾತಕ್ಕೂ ಬ್ರಿಟಿಷರ ಕಾಲದ ನೂಲಿನ ಗಿರಣಿಗೂ ಹೆಸರಾದ ಗೋಕಾಕ. ಅದರಾಚೆಗೆ ಇತ್ತೀಚೆಗೆ ಪ್ರತ್ಯೇಕ ತಾಲ್ಲೂಕಾದ ಮೂಡಲಗಿಯನ್ನೊಳಗೊಂಡ ಅರಭಾವಿ. ಸಕ್ಕರೆ ಕಾರ್ಖಾನೆ, ಪತ್ತಿನ ಸಂಘ, ಹಾಲಿನ ಸಂಘಗಳ ಚುನಾವಣೆಗಳು ವಿಧಾನಸಭೆಯ ಚುನಾವಣೆಯಷ್ಟೇ ಬಿರುಸಿನಿಂದ ನಡೆಯುವ ನೆಲವಿದು. ಹುಕ್ಕೇರಿ ತಾಲ್ಲೂಕಿನಲ್ಲಿ ಮನೆಮನೆಗೆ ವಿದ್ಯುತ್ತನ್ನು ಹಂಚುವ ಕೆಲಸವನ್ನೂ 1969ರಲ್ಲಿ ಹುಟ್ಟಿದ ಸಹಕಾರಿ ಸಂಘವೊಂದು ನಡೆಸಿಕೊಂಡು ಬಂದಿದೆಯೆಂದರೆ, ಸದಸ್ಯರ ತಲೆಯೆಣಿಕೆ, ಬಣ, ಮೈತ್ರಿ, ಅವಿರೋಧ ಆಯ್ಕೆ ಮುಂತಾದುವು ಇಲ್ಲಿಯ ಜನರ ನಿತ್ಯಜೀವನದಲ್ಲಿ ಎಷ್ಟು ಆಳವಾಗಿ ಬೇರೂರಿವೆಯೆಂಬುದನ್ನು ಊಹಿಸಬಹುದು.

ಈ ಕಣಿವೆಯ ಕಥನಕ್ಕೆ ಪ್ರವೇಶಿಸುವ ಮುನ್ನ, ನಾಡಿನ ಮೊದಲ ಬಹುಮತವಿಲ್ಲದ ಸಭೆಯನ್ನು ಸ್ಮರಿಸಿಕೊಳ್ಳಬೇಕು. 1983ರ ಜನವರಿಯಲ್ಲಿ ನಡೆದ ಚುನಾವಣೆಯಲ್ಲಿ 224 ಸ್ಥಾನಗಳ ಪೈಕಿ ಜನತಾ ಪಕ್ಷವು 95ನ್ನೂ, ಅಲ್ಲಿಯವರೆಗೆ ಒಮ್ಮೆಯೂ ಅಧಿಕಾರ ಬಿಟ್ಟುಕೊಡದಿದ್ದ ಕಾಂಗ್ರೆಸ್ಸು 82ನ್ನೂ, ಭಾರತೀಯ ಜನತಾ ಪಕ್ಷವು 18ನ್ನೂ ಗೆದ್ದುವು; ಪಕ್ಷೇತರರೇ 22 ಮಂದಿ ಆರಿಸಿ ಬಂದರು. ಜನವರಿ 10ರಂದು ರಾಮಕೃಷ್ಣ ಹೆಗಡೆಯವರು ಮುಖ್ಯಮಂತ್ರಿಯಾಗಿ ಪ್ರಮಾಣವಚನ ಸ್ವೀಕರಿಸಿದಾಗ ಅವರು ಸಭೆಯ ಸದಸ್ಯರೂ ಆಗಿರಲಿಲ್ಲ. ಭಾರತೀಯ ಜನತಾ ಪಕ್ಷವೂ ಎಡಪಕ್ಷಗಳೂ ಹೊರಗಿನಿಂದ ಕೊಟ್ಟ ಬೆಂಬಲವೇ ಅವರ ಸರಕಾರದ ಆಧಾರ. ಅಂತಹ ದುರ್ಬಲವಾದ ಅಡಿಪಾಯದ ಮೇಲೆ ನಿಂತ ಸರಕಾರವು, ಮಂತ್ರಿ ಅಬ್ದುಲ್ ನಜೀರ್ ಸಾಬರ ಶ್ರದ್ಧೆಯ ಫಲವಾಗಿ, ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯಿತಿಗಳ ಶಾಸನವನ್ನು ರೂಪಿಸಿತು. ಲೋಕಾಯುಕ್ತ ಸಂಸ್ಥೆಗೆ ಶಾಸನದ ನೆಲೆಯನ್ನು ಕಲ್ಪಿಸಿತು. 1984ರ ಕಡೆಯಲ್ಲಿ ನಡೆದ ಲೋಕಸಭಾ ಚುನಾವಣೆಯಲ್ಲಿ ರಾಜ್ಯದ 28 ಸ್ಥಾನಗಳ ಪೈಕಿ 24 ಕಾಂಗ್ರೆಸ್ಸಿನ ಪಾಲಾದಾಗ, ಜನರ ವಿಶ್ವಾಸ ತಮ್ಮಲ್ಲಿ ಉಳಿದಿದೆಯೋ ಇಲ್ಲವೋ ಎಂಬುದನ್ನು ಜನರೇ ಹೇಳಲೆಂದು ಹೆಗಡೆಯವರು ರಾಜೀನಾಮೆಯಿತ್ತರು; 1985ರ ಮಾರ್ಚಿನ ಚುನಾವಣೆಯಲ್ಲಿ ಅವರ ಪಕ್ಷವು 139 ಸ್ಥಾನಗಳೊಡನೆ ಮರಳಿತು. ಬಹುಮತವಿಲ್ಲದ ಸಭೆಯಿಂದ ಚಿರಕಾಲ ನಿಲ್ಲುವ ಕಾರ್ಯಗಳು ಸಾಧ್ಯವೆಂಬುದಕ್ಕೂ, ಸಂದೇಹ ಬಂದಾಗ ಅದನ್ನು ಮತದಾರನ ಬಳಿಗೇ ಒಯ್ಯಬಹುದೆಂಬುದಕ್ಕೂ ಈ ಎರಡು ವರ್ಷಗಳು ದೃಷ್ಟಾಂತ.

1985ರ ಆ ಸಭೆಯ ಸರಕಾರವನ್ನು, ಎಸ್.ಆರ್. ಬೊಮ್ಮಾಯಿಯವರು ಮುಖ್ಯಮಂತ್ರಿಯಾಗಿದ್ದಾಗ, 1989ರ ಏಪ್ರಿಲ್ 21ರಂದು ವಜಾ ಮಾಡಲಾಯಿತು. ಕೆಲವು ಶಾಸಕರು ಬೆಂಬಲ ಹಿಂತೆಗೆದುಕೊಂಡಿದ್ದಾರೆಂಬ ಪತ್ರಗಳನ್ನು ನಂಬಿದ ರಾಜ್ಯಪಾಲರು, ಸಭೆಯಲ್ಲಿ ಬಲಾಬಲ ಪರೀಕ್ಷೆಗೆ ಅವಕಾಶವನ್ನೇ ಕೊಡಲಿಲ್ಲ. ಐದು ವರ್ಷಗಳ ತರುವಾಯ, 1994ರ ಮಾರ್ಚ್ 11ರಂದು, ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠವು ಬೊಮ್ಮಾಯಿಯವರ ಹೆಸರಿನ ಮೊಕದ್ದಮೆಯಲ್ಲಿ ಒಂದು ಸೂತ್ರವನ್ನು ಸ್ಥಾಪಿಸಿತು: ಸರಕಾರಕ್ಕೆ ಬಹುಮತವುಂಟೋ ಇಲ್ಲವೋ ಎಂಬುದು ತೀರ್ಮಾನವಾಗಬೇಕಾದುದು ಸದನದೊಳಗೆ; ರಾಜಭವನದ ಕೋಣೆಯಲ್ಲಿ ಅಲ್ಲ. ಮುಂದೆ ನಡೆದುದೆಲ್ಲವೂ ಈ ಸೂತ್ರದ ಸುತ್ತ ನಡೆದುದು. ಸದನದೊಳಗೆ ಎಣಿಕೆಯಾಗಬೇಕೆಂದು ನ್ಯಾಯಾಲಯವು ವಿಧಿಸಿದ ಮೇಲೆ, ಎಣಿಕೆಗೆ ಮುನ್ನವೇ ಸದನದಲ್ಲಿ ಯಾರಿರಬೇಕು ಯಾರಿರಬಾರದು ಎಂಬುದನ್ನು ಹೊರಗಡೆ ನಿರ್ಣಯಿಸುವ ವಿದ್ಯೆಯನ್ನು ನಮ್ಮ ರಾಜಕಾರಣವು ಕಲಿತುಕೊಂಡಿತು.

2004ರ ತೀರ್ಪಿನಲ್ಲಿ ಭಾರತೀಯ ಜನತಾ ಪಕ್ಷಕ್ಕೆ 79, ಕಾಂಗ್ರೆಸ್ಸಿಗೆ 65, ಜಾತ್ಯತೀತ ಜನತಾ ದಳಕ್ಕೆ 58 ಸ್ಥಾನಗಳು ದೊರೆತು, ಒಂದೇ ಸಭೆಯ ಅವಧಿಯಲ್ಲಿ ಧರಂ ಸಿಂಗ್, ಎಚ್.ಡಿ. ಕುಮಾರಸ್ವಾಮಿ, ಬಿ.ಎಸ್. ಯಡಿಯೂರಪ್ಪ ಎಂಬ ಮೂವರು ಮುಖ್ಯಮಂತ್ರಿಗಳನ್ನು ನಾಡು ಕಂಡಿತು. ಮೂರನೆಯವರ ಅಧಿಕಾರವು 2007ರ ನವೆಂಬರಿನ ಒಂದು ವಾರವಷ್ಟೇ ನಡೆಯಿತು. ಕಡೆಯ ಇಬ್ಬರ ಪಕ್ಷಗಳ ನಡುವಣ ಅಧಿಕಾರ ಹಂಚಿಕೆಯ ಒಪ್ಪಂದವನ್ನು ಮುರಿದವರಾರೆಂಬ ಪ್ರಶ್ನೆಯನ್ನೇ ಹಿಡಿದು ನಡೆದ 2008ರ ಮೇ ತಿಂಗಳ ಚುನಾವಣೆಯಲ್ಲಿ ಭಾರತೀಯ ಜನತಾ ಪಕ್ಷವು 110 ಸ್ಥಾನಗಳನ್ನು ಪಡೆಯಿತು. ಬಹುಮತಕ್ಕೆ ಬೇಕಾದುದು 113. ಮೂರು ಸ್ಥಾನಗಳ ಕೊರತೆಯನ್ನು ಪಕ್ಷೇತರರ ಬೆಂಬಲದಿಂದ ತುಂಬಿಕೊಂಡು ಮೇ 30ರಂದು ಯಡಿಯೂರಪ್ಪನವರು ಅಧಿಕಾರ ಸ್ವೀಕರಿಸಿದರು. ದಕ್ಷಿಣ ಭಾರತದಲ್ಲಿ ಆ ಪಕ್ಷದ ನೇತೃತ್ವದಲ್ಲಿ ಚುನಾವಣೆ ಗೆದ್ದು ಬಂದ ಮೊದಲ ಸರಕಾರವದು. ಆದರೆ ಪಕ್ಷೇತರರ ಹಂಗಿನಲ್ಲಿ ಆಳುವುದು ನೆಮ್ಮದಿಯ ಕಾರ್ಯವಾಗಿರಲಿಲ್ಲ. ಆಗ ಕಂಡುಕೊಂಡ ಉಪಾಯಕ್ಕೆ ಜನರೂ ಪತ್ರಿಕೆಗಳೂ ‘ಆಪರೇಷನ್ ಕಮಲ’ವೆಂದು ಹೆಸರಿಟ್ಟರು. ಪಕ್ಷಾಂತರ ನಿಷೇಧದ ಶಾಸನವು, ಅಂದರೆ 1985ರಲ್ಲಿ ಸಂವಿಧಾನಕ್ಕೆ ಸೇರಿದ ಹತ್ತನೆಯ ಅನುಸೂಚಿಯು, ಸದಸ್ಯನು ತನ್ನ ಪಕ್ಷವನ್ನು ಬಿಟ್ಟರೆ ಸ್ಥಾನ ಕಳೆದುಕೊಳ್ಳುವನೆಂದು ಹೇಳುತ್ತದೆ. ಆದರೆ ಸದಸ್ಯನು ತಾನಾಗಿಯೇ ಸ್ಥಾನಕ್ಕೆ ರಾಜೀನಾಮೆ ಕೊಟ್ಟು, ಬೇರೊಂದು ಪಕ್ಷದ ಚಿಹ್ನೆಯ ಮೇಲೆ ಉಪಚುನಾವಣೆಯಲ್ಲಿ ಮತ್ತೆ ಗೆದ್ದು ಬಂದರೆ ಆ ಶಾಸನಕ್ಕೆ ಹಿಡಿಯಲು ಏನೂ ಉಳಿಯುವುದಿಲ್ಲ. ಈ ಸಂದಿಯನ್ನು ಹೊಕ್ಕು ಏಳು ಮಂದಿ ವಿರೋಧಪಕ್ಷದ ಶಾಸಕರು ರಾಜೀನಾಮೆಯಿತ್ತರು.

ಆ ಏಳರಲ್ಲಿ ಇಬ್ಬರು ಘಟಪ್ರಭೆಯ ಕಣಿವೆಯವರು: ಹುಕ್ಕೇರಿಯ ಉಮೇಶ ಕತ್ತಿಯವರು ಮತ್ತು ಅರಭಾವಿಯ ಬಾಲಚಂದ್ರ ಜಾರಕಿಹೊಳಿಯವರು. ಇಬ್ಬರೂ ಆ ಮೇ ತಿಂಗಳಲ್ಲಷ್ಟೇ ಜಾತ್ಯತೀತ ಜನತಾ ದಳದಿಂದ ಆರಿಸಿ ಬಂದಿದ್ದವರು. 2008ರ ಡಿಸೆಂಬರಿನಲ್ಲಿ ಆ ಏಳೂ ಸೇರಿದಂತೆ ಎಂಟು ಕ್ಷೇತ್ರಗಳಿಗೆ ಉಪಚುನಾವಣೆ ನಡೆದು ಭಾರತೀಯ ಜನತಾ ಪಕ್ಷವು ಐದನ್ನು ಗೆದ್ದಾಗ, ಆ ಐದರಲ್ಲಿ ಹುಕ್ಕೇರಿಯೂ ಅರಭಾವಿಯೂ ಇದ್ದುವು. ಮೂರು ಸ್ಥಾನಗಳ ಕೊರತೆಯಿದ್ದ ಪಕ್ಷವು 115ಕ್ಕೆ ಏರಿತು. ಮೇ ತಿಂಗಳಲ್ಲಿ ಒಂದು ಚಿಹ್ನೆಗೆ ಒತ್ತಿದ ಅದೇ ಹಳ್ಳಿಗಳ ಮತದಾರರು ಡಿಸೆಂಬರಿನಲ್ಲಿ ಅದೇ ಅಭ್ಯರ್ಥಿಗೆ ಬೇರೊಂದು ಚಿಹ್ನೆಯ ಮುಂದೆ ಮತವಿತ್ತರು. ಪಕ್ಷಕ್ಕಿಂತ ವ್ಯಕ್ತಿಯನ್ನು, ತತ್ತ್ವಕ್ಕಿಂತ ಊರಿನ ಕೆಲಸಕ್ಕೆ ಒದಗುವ ಧಣಿಯನ್ನು ನೆಚ್ಚುವುದು ಇಲ್ಲಿಯ ರೂಢಿಯೆಂಬುದು ಆ ಚುನಾವಣೆಯಿಂದ ಸ್ಪಷ್ಟವಾಯಿತು. ಗೋಕಾಕದ ಸುತ್ತಿನ ಜನರ ಮಾತಿನಲ್ಲಿ ‘ಸಾಹುಕಾರ್ರು’ ಎಂದರೆ ಇಂತಹ ಮನೆತನದವರು ಎಂದರ್ಥ.

ಕೊರತೆ ತುಂಬಿದ ಸಭೆಯು ಎರಡು ವರ್ಷವೂ ನೆಮ್ಮದಿಯಿಂದಿರಲಿಲ್ಲ. 2010ರ ಅಕ್ಟೋಬರ್ 6ರಂದು ಆಡಳಿತ ಪಕ್ಷದ 13 ಮಂದಿ ಶಾಸಕರೂ ಐವರು ಪಕ್ಷೇತರರೂ, ಮುಖ್ಯಮಂತ್ರಿಯಲ್ಲಿ ತಮಗೆ ವಿಶ್ವಾಸವಿಲ್ಲವೆಂದು ರಾಜ್ಯಪಾಲ ಎಚ್.ಆರ್. ಭಾರದ್ವಾಜರಿಗೆ ಪತ್ರ ಕೊಟ್ಟರು. ಈ ಬಂಡಾಯದ ಮುಂದಾಳುಗಳಲ್ಲಿ ಎರಡು ವರ್ಷದ ಹಿಂದೆ ಅದೇ ಸರಕಾರದ ಬಲವರ್ಧನೆಗೆ ಕಾರಣರಾಗಿದ್ದ ಬಾಲಚಂದ್ರ ಜಾರಕಿಹೊಳಿಯವರೇ ಇದ್ದರು. ಇಬ್ಬರು ಹಿಂದಿರುಗಿದ ಮೇಲೆ ಉಳಿದ 11 ಮಂದಿಯನ್ನೂ ಐವರು ಪಕ್ಷೇತರರನ್ನೂ ಸಭಾಧ್ಯಕ್ಷ ಕೆ.ಜಿ. ಬೋಪಯ್ಯನವರು ವಿಶ್ವಾಸಮತದ ಹಿಂದಿನ ದಿನ, ಅಕ್ಟೋಬರ್ 10ರಂದು, ಅನರ್ಹರೆಂದು ಘೋಷಿಸಿದರು. ಮರುದಿನ ಗದ್ದಲದ ನಡುವೆ ಧ್ವನಿಮತದಿಂದ ವಿಶ್ವಾಸ ಸಾಬೀತಾಯಿತೆನ್ನಲಾಯಿತು; ರಾಜ್ಯಪಾಲರು ಅದನ್ನು ಒಪ್ಪದೆ ಎರಡನೆಯ ಬಾರಿ ಪರೀಕ್ಷೆಗೆ ಅವಕಾಶವಿತ್ತಾಗ, ಅಕ್ಟೋಬರ್ 14ರಂದು ಸರಕಾರವು 106ಕ್ಕೆ 100ರಂತೆ ಗೆದ್ದಿತು. ಈ 106ನ್ನು ಓದುಗರು ನೆನಪಿನಲ್ಲಿಡಬೇಕು. 224 ಚುನಾಯಿತರ ಸಭೆಯಲ್ಲಿ ಬಹುಮತವೆಂದರೆ 113. ಆದರೆ 16 ಮಂದಿಯನ್ನು ಹೊರಗಿಟ್ಟ ಸಭೆಯಲ್ಲಿ 106 ಸಾಕಾಯಿತು.

ಅನರ್ಹರಾದವರು ನ್ಯಾಯಾಲಯದ ಮೆಟ್ಟಿಲೇರಿದರು. 2011ರ ಮೇ 13ರಂದು ಸರ್ವೋಚ್ಚ ನ್ಯಾಯಾಲಯವು ಸಭಾಧ್ಯಕ್ಷರ ಆಜ್ಞೆಯನ್ನು ತಳ್ಳಿಹಾಕಿತು. ಅನರ್ಹತೆಯ ವಿಚಾರಣೆಯಲ್ಲಿ ಸಭಾಧ್ಯಕ್ಷರು ಅನುಚಿತವಾದ ತ್ವರೆಯನ್ನು ತೋರಿದರು, ಉತ್ತರ ಹೇಳಿಕೊಳ್ಳಲು ಸಾಕಷ್ಟು ಕಾಲಾವಕಾಶವನ್ನು ಕೊಡಲಿಲ್ಲ, ಸ್ವಪಕ್ಷದ ಮುಖ್ಯಮಂತ್ರಿಯಲ್ಲಿ ವಿಶ್ವಾಸವಿಲ್ಲವೆಂದು ಬರೆದುಕೊಟ್ಟ ಮಾತ್ರಕ್ಕೆ ಸದಸ್ಯನು ಪಕ್ಷವನ್ನೇ ತೊರೆದನೆಂದು ಎಣಿಸಲಾಗದು ಎಂಬುದು ಆ ತೀರ್ಪಿನ ಸಾರಾಂಶ. ‘ಬಾಲಚಂದ್ರ ಎಲ್. ಜಾರಕಿಹೊಳಿ ವಿರುದ್ಧ ಬಿ.ಎಸ್. ಯಡಿಯೂರಪ್ಪ’ ಎಂಬ ಹೆಸರಿನಲ್ಲಿ ಆ ತೀರ್ಪು ದೇಶದ ನ್ಯಾಯಗ್ರಂಥಗಳನ್ನು ಸೇರಿತು. ಅರಭಾವಿಯ ಶಾಸಕರೊಬ್ಬರ ಹೆಸರನ್ನು ಇಂದು ಸಭಾಧ್ಯಕ್ಷರ ಅಧಿಕಾರದ ಮಿತಿಯನ್ನು ಕುರಿತ ವಾದಗಳಲ್ಲಿ ವಕೀಲರು ಉದಾಹರಿಸುತ್ತಾರೆ.

2013ರ ಚುನಾವಣೆ ಕಾಂಗ್ರೆಸ್ಸಿಗೆ ಸ್ಪಷ್ಟ ಬಹುಮತವನ್ನಿತ್ತುದರಿಂದ ಐದು ವರ್ಷಗಳ ಕಾಲ ಈ ಪ್ರಶ್ನೆಗಳು ಮಲಗಿದ್ದುವು. 2018ರ ಮೇ 12ರಂದು ಮತದಾನ ನಡೆದಾಗ ಅವು ಹಿಂದೆಂದಿಗಿಂತ ತೀವ್ರವಾಗಿ ಎಚ್ಚೆತ್ತುವು. ಜಯನಗರದಲ್ಲಿ ಅಭ್ಯರ್ಥಿಯೊಬ್ಬರ ಮರಣದಿಂದಲೂ, ರಾಜರಾಜೇಶ್ವರಿ ನಗರದಲ್ಲಿ ಮತದಾರರ ಗುರುತಿನ ಚೀಟಿಗಳ ಪ್ರಕರಣದಿಂದಲೂ ಮತದಾನ ಮುಂದಕ್ಕೆ ಹೋಗಿ, ಉಳಿದ 222 ಸ್ಥಾನಗಳ ಫಲಿತಾಂಶ ಮೇ 15ರಂದು ಹೊರಬಿದ್ದಿತು: ಭಾರತೀಯ ಜನತಾ ಪಕ್ಷ 104, ಕಾಂಗ್ರೆಸ್ 78, ಜಾತ್ಯತೀತ ಜನತಾ ದಳ 37, ಬಹುಜನ ಸಮಾಜ ಪಕ್ಷ 1, ಇತರರು ಇಬ್ಬರು. ಸ್ಥಾನಗಳಲ್ಲಿ ಭಾರತೀಯ ಜನತಾ ಪಕ್ಷವು ಮುಂದಿದ್ದರೂ, ಮತಗಳ ಪ್ರಮಾಣದಲ್ಲಿ ಕಾಂಗ್ರೆಸ್ಸಿಗೆ ನೂರಕ್ಕೆ 38ರಷ್ಟೂ ಅದಕ್ಕೆ 36ರಷ್ಟೂ ದೊರೆತಿದ್ದುವು. ಜನರ ಮನಸ್ಸು ಎಷ್ಟು ಸಮವಾಗಿ ಹಂಚಿಹೋಗಿತ್ತೆಂಬುದಕ್ಕೆ ಘಟಪ್ರಭೆಯ ನಾಲ್ಕು ಕ್ಷೇತ್ರಗಳೇ ಸಾಕ್ಷಿ. ಯಮಕನಮರಡಿಯಲ್ಲಿ ಸತೀಶ ಜಾರಕಿಹೊಳಿಯವರೂ ಗೋಕಾಕದಲ್ಲಿ ಅವರ ಅಣ್ಣ ರಮೇಶ ಜಾರಕಿಹೊಳಿಯವರೂ ಕಾಂಗ್ರೆಸ್ಸಿನಿಂದ ಗೆದ್ದರು. ಅರಭಾವಿಯಲ್ಲಿ ಮತ್ತೊಬ್ಬ ಸೋದರರಾದ ಬಾಲಚಂದ್ರರೂ ಹುಕ್ಕೇರಿಯಲ್ಲಿ ಉಮೇಶ ಕತ್ತಿಯವರೂ ಭಾರತೀಯ ಜನತಾ ಪಕ್ಷದಿಂದ ಗೆದ್ದರು. ಎರಡು ಈಚೆಗೆ, ಎರಡು ಆಚೆಗೆ. ಯಮಕನಮರಡಿಯ ಗೆಲುವಿನ ಅಂತರವು 2,850 ಮತಗಳಷ್ಟೇ. ಸತತ ಮೂರನೆಯ ಬಾರಿ ಗೆದ್ದ ಪ್ರತಿನಿಧಿಗೂ ಅಲ್ಲಿಯ ಮತದಾರರು ಆ ಸಲ ಎಚ್ಚರಿಕೆಯೊಂದನ್ನು ಕೊಟ್ಟೇ ಕಳುಹಿಸಿದ್ದರು.

ಎಣಿಕೆಯ ದಿನವೇ ಕಾಂಗ್ರೆಸ್ಸು ಜಾತ್ಯತೀತ ಜನತಾ ದಳಕ್ಕೆ ಬೆಂಬಲ ಸಾರಿ, ಎಚ್.ಡಿ. ಕುಮಾರಸ್ವಾಮಿಯವರನ್ನು ಮುಖ್ಯಮಂತ್ರಿ ಮಾಡುವುದಾಗಿ ಹೇಳಿತು. ಆದರೂ ರಾಜ್ಯಪಾಲ ವಜುಭಾಯಿ ವಾಲಾ ಅವರು ಅತಿ ದೊಡ್ಡ ಪಕ್ಷವೆಂಬ ಕಾರಣದಿಂದ ಯಡಿಯೂರಪ್ಪನವರನ್ನು ಆಹ್ವಾನಿಸಿ, ಬಹುಮತ ತೋರಿಸಲು 15 ದಿನಗಳ ಅವಧಿಯನ್ನಿತ್ತರು. ಮೇ 16ರ ರಾತ್ರಿ ಸರ್ವೋಚ್ಚ ನ್ಯಾಯಾಲಯದ ಬಾಗಿಲು ತೆರೆಯಿತು. ನ್ಯಾಯಮೂರ್ತಿಗಳಾದ ಎ.ಕೆ. ಸಿಕ್ರಿ, ಎಸ್.ಎ. ಬೊಬ್ಡೆ, ಅಶೋಕ್ ಭೂಷಣ್ ಅವರ ಪೀಠವು ಮಧ್ಯರಾತ್ರಿ ಕಳೆದ ಮೇಲೆ ಕುಳಿತು ಬೆಳಗಿನ ಜಾವದವರೆಗೆ ವಾದಗಳನ್ನು ಆಲಿಸಿತು. ಪ್ರಮಾಣವಚನಕ್ಕೆ ತಡೆ ಬರಲಿಲ್ಲ. ಮೇ 17ರ ಬೆಳಗ್ಗೆ ಯಡಿಯೂರಪ್ಪನವರು ಮುಖ್ಯಮಂತ್ರಿಯಾದರು. ಆದರೆ ಮರುದಿನ ಅದೇ ಪೀಠವು 15 ದಿನಗಳ ಅವಧಿಯನ್ನು ಮೊಟಕುಗೊಳಿಸಿ, ಮೇ 19ರ ಸಂಜೆ 4 ಗಂಟೆಗೆ ಸದನದಲ್ಲಿ ಬಲಾಬಲ ತೀರ್ಮಾನವಾಗಬೇಕೆಂದು ಆಜ್ಞಾಪಿಸಿತು. ಆ ಸಂಜೆ ನಾಡಿನ ಮನೆಮನೆಯಲ್ಲಿಯೂ ಜನರು ದೂರದರ್ಶನದ ಮುಂದೆ ಕುಳಿತು ನೋಡುತ್ತಿರುವಂತೆಯೇ ಯಡಿಯೂರಪ್ಪನವರು ಮತಕ್ಕೆ ಹಾಕುವ ಮುನ್ನ ಭಾಷಣ ಮಾಡಿ ರಾಜೀನಾಮೆ ಘೋಷಿಸಿದರು. ಬೊಮ್ಮಾಯಿ ತೀರ್ಪಿನ ಸೂತ್ರವು ತನ್ನ ಪೂರ್ಣ ತೇಜಸ್ಸಿನಲ್ಲಿ ಬೆಳಗಿದ ದಿನವದು. ಮೇ 23ರಂದು ಕುಮಾರಸ್ವಾಮಿಯವರು ಪ್ರಮಾಣವಚನ ಸ್ವೀಕರಿಸಿ, 25ರಂದು ವಿಶ್ವಾಸಮತ ಪಡೆದರು.

ಮೈತ್ರಿ ಸರಕಾರದ ಆಯುಷ್ಯ ಹದಿನಾಲ್ಕು ತಿಂಗಳು. ಅದರ ಅಡಿಪಾಯದಲ್ಲಿ ಮೊದಲ ಬಿರುಕು ಕಾಣಿಸಿಕೊಂಡುದು ಬೆಂಗಳೂರಿನಲ್ಲಲ್ಲ, ಬೆಳಗಾವಿಯ ಒಂದು ಪಿಎಲ್‌ಡಿ ಬ್ಯಾಂಕಿನಲ್ಲಿ. ರೈತರಿಗೆ ದೀರ್ಘಾವಧಿಯ ಸಾಲ ಕೊಡುವ ತಾಲ್ಲೂಕು ಮಟ್ಟದ ಆ ಸಹಕಾರಿ ಸಂಸ್ಥೆಯ ಅಧ್ಯಕ್ಷ ಸ್ಥಾನಕ್ಕೆ 2018ರ ಸೆಪ್ಟೆಂಬರಿನಲ್ಲಿ ಚುನಾವಣೆ ನಡೆಯಬೇಕಾಗಿದ್ದಾಗ, ಜಾರಕಿಹೊಳಿ ಸೋದರರಿಗೂ ಬೆಳಗಾವಿ ಗ್ರಾಮೀಣ ಕ್ಷೇತ್ರದ ಶಾಸಕಿ ಲಕ್ಷ್ಮಿ ಹೆಬ್ಬಾಳಕರ ಅವರಿಗೂ ನಡುವೆ ಪೈಪೋಟಿ ಬೆಳೆದು, ಕಾಂಗ್ರೆಸ್ಸಿನ ರಾಜ್ಯ ನಾಯಕರೇ ಮಧ್ಯೆ ಬರಬೇಕಾಯಿತು. ಕಡೆಗೆ ಆಯ್ಕೆ ಅವಿರೋಧವಾಗಿ ನಡೆಯಿತು. ಆದರೆ ಮನಸ್ತಾಪ ತೀರಲಿಲ್ಲ. ರಾಜ್ಯವೊಂದರ ಸರಕಾರವು ಕೆಲವೇ ಶಾಸಕರ ಅಂತರದಲ್ಲಿ ನಿಂತಿರುವಾಗ ತಾಲ್ಲೂಕಿನ ಬ್ಯಾಂಕಿನ ಕುರ್ಚಿಯೂ ರಾಜ್ಯದ ಪ್ರಶ್ನೆಯಾಗಿ ಪರಿಣಮಿಸುತ್ತದೆಂಬುದನ್ನು ಆ ಪ್ರಸಂಗವು ತೋರಿಸಿಕೊಟ್ಟಿತು. ಅದೇ ವರ್ಷದ ಡಿಸೆಂಬರ್ 22ರಂದು ಸಂಪುಟ ವಿಸ್ತರಣೆಯಾದಾಗ ರಮೇಶ ಜಾರಕಿಹೊಳಿಯವರನ್ನು ಕೈಬಿಟ್ಟು ಸತೀಶ ಜಾರಕಿಹೊಳಿಯವರನ್ನು ಮಂತ್ರಿ ಮಾಡಲಾಯಿತು. ಮಂತ್ರಿಪದವು ಗೋಕಾಕದಿಂದ ಯಮಕನಮರಡಿಗೆ ಸಾಗಿತು. ಅಸಮಾಧಾನವು ಗೋಕಾಕದಲ್ಲಿ ನೆಲೆಸಿತು.

2019ರ ಲೋಕಸಭಾ ಚುನಾವಣೆಯಲ್ಲಿ ರಾಜ್ಯದ 28 ಸ್ಥಾನಗಳ ಪೈಕಿ 25ನ್ನು ಭಾರತೀಯ ಜನತಾ ಪಕ್ಷವು ಗೆದ್ದ ಮೇಲೆ ಮೈತ್ರಿಯ ಕುಸಿತವು ತ್ವರಿತವಾಯಿತು. ಜುಲೈ ಮೊದಲ ದಿನ ರಮೇಶ ಜಾರಕಿಹೊಳಿಯವರ ರಾಜೀನಾಮೆಯ ವಾರ್ತೆ ಬಂದಿತು. ವಾರ ಕಳೆಯುವುದರೊಳಗೆ ಅವರ ಜೊತೆಗೆ ಹತ್ತಕ್ಕೂ ಮಿಕ್ಕ ಶಾಸಕರು ಸೇರಿ ಮುಂಬಯಿಯ ಹೋಟೆಲೊಂದರಲ್ಲಿ ತಂಗಿದರು. ಅಥಣಿಯ ಮಹೇಶ ಕುಮಠಳ್ಳಿಯವರೂ ಕಾಗವಾಡದ ಶ್ರೀಮಂತ ಪಾಟೀಲರೂ ಬಂಡಾಯವನ್ನು ಕೂಡಿಕೊಂಡುದರಿಂದ ಬೆಳಗಾವಿ ಜಿಲ್ಲೆಯಿಂದಲೇ ಮೂವರಾದರು. ರಾಜೀನಾಮೆಗಳನ್ನು ಅಂಗೀಕರಿಸಬೇಕೋ ಅನರ್ಹತೆಯನ್ನು ವಿಚಾರಿಸಬೇಕೋ ಎಂಬ ವಿವಾದ ಸರ್ವೋಚ್ಚ ನ್ಯಾಯಾಲಯಕ್ಕೆ ಹೋದಾಗ, ಜುಲೈ 17ರಂದು ನ್ಯಾಯಾಲಯವು ಸಭಾಧ್ಯಕ್ಷ ಕೆ.ಆರ್. ರಮೇಶ ಕುಮಾರರ ವಿವೇಚನೆಗೆ ಕಾಲಮಿತಿಯನ್ನು ವಿಧಿಸದೆ, ಅತೃಪ್ತ ಶಾಸಕರು ಸದನಕ್ಕೆ ಬರಲೇಬೇಕೆಂದು ಬಲವಂತಪಡಿಸಕೂಡದೆಂದೂ ಹೇಳಿತು. ಜುಲೈ 18ರಂದು ಮಂಡಿತವಾದ ವಿಶ್ವಾಸಮತದ ಪ್ರಸ್ತಾವದ ಮೇಲೆ ನಾಲ್ಕು ದಿನ ಚರ್ಚೆ ನಡೆದು, 23ರ ಸಂಜೆ ಮತಕ್ಕೆ ಬಂದಾಗ ಪರವಾಗಿ 99, ವಿರುದ್ಧವಾಗಿ 105 ಮತಗಳು ಬಿದ್ದು ಸರಕಾರವು ಪತನವಾಯಿತು.

ಸಭಾಧ್ಯಕ್ಷರು ಜುಲೈ 25ರಂದು ಮೂವರನ್ನು, 28ರಂದು ಇನ್ನೂ 14 ಮಂದಿಯನ್ನು ಅನರ್ಹಗೊಳಿಸಿ, ಆ ವಿಧಾನಸಭೆಯ ಅವಧಿ ಮುಗಿಯುವವರೆಗೆ ಅವರು ಚುನಾವಣೆಗೆ ನಿಲ್ಲಕೂಡದೆಂದರು. ಮೊದಲ ಮೂವರಲ್ಲಿ ಗೋಕಾಕದವರೂ ಅಥಣಿಯವರೂ ಇದ್ದರು. 26ರಂದು ಪ್ರಮಾಣವಚನ ಸ್ವೀಕರಿಸಿದ ಯಡಿಯೂರಪ್ಪನವರು 29ರಂದು ಧ್ವನಿಮತದಿಂದ ವಿಶ್ವಾಸ ಪಡೆದರು. ಅವರ ಪಕ್ಷದ ಬಲ ಆಗಲೂ 105. ಮತ್ತೊಮ್ಮೆ 113ನ್ನು ಯಾರೂ ಮುಟ್ಟಲಿಲ್ಲ. 17 ಮಂದಿ ಹೊರಬಿದ್ದ ಸಭೆಯಲ್ಲಿ 105 ಬಹುಮತವಾಯಿತು. 2010ರಲ್ಲಿ 106 ಸಾಕಾದುದು ಅನರ್ಹತೆಯ ಆಜ್ಞೆಯಿಂದ. 2019ರಲ್ಲಿ 105 ಸಾಕಾದುದು ರಾಜೀನಾಮೆ ಮತ್ತು ಅನರ್ಹತೆಗಳಿಂದ. ಸೇರು ತುಂಬಲಿಲ್ಲವೆಂದು ಮತ್ತಷ್ಟು ಕಾಳು ತರುವ ಬದಲು ಸೇರನ್ನೇ ಕತ್ತರಿಸಿ ತುಂಬಿತೆಂದು ತೋರಿಸುವ ರೀತಿಯಿದು. ಈ ಎರಡು ದಶಕಗಳ ಚರಿತ್ರೆಯಲ್ಲಿ ನನ್ನ ಮನಸ್ಸನ್ನು ಹೆಚ್ಚಾಗಿ ಕಲಕಿರುವ ಸಂಗತಿಯೂ ಇದೇ. ಸಭೆಯಲ್ಲಿ ಒಂದು ಕ್ಷೇತ್ರದ ಕುರ್ಚಿ ಬರಿದಾದಾಗ ಬರಿದಾದುದು ಒಬ್ಬ ಶಾಸಕನ ಸ್ಥಾನವಷ್ಟೇ ಅಲ್ಲ. ಬಿಸಿಲಿನಲ್ಲಿ ಸಾಲು ನಿಂತು ಮತವಿತ್ತ ಲಕ್ಷಾಂತರ ಜನರ ಧ್ವನಿಯೂ ಆ ಹೊತ್ತಿಗೆ ಎಣಿಕೆಯಿಂದ ಹೊರಗುಳಿಯಿತು. ಆ ಕ್ಷೇತ್ರದಲ್ಲಿ ಮತವಿತ್ತವರೂ ಈಯದವರೂ, ಗೆದ್ದವನ ಪಕ್ಷದವರೂ ಎದುರು ಪಕ್ಷದವರೂ ಸಮಾನವಾಗಿ ಪ್ರತಿನಿಧಿಯಿಲ್ಲದವರಾದರು.

2019ರ ನವೆಂಬರ್ 13ರಂದು ನ್ಯಾಯಮೂರ್ತಿಗಳಾದ ಎನ್.ವಿ. ರಮಣ, ಸಂಜೀವ್ ಖನ್ನಾ, ಕೃಷ್ಣ ಮುರಾರಿ ಅವರ ಪೀಠವು ತೀರ್ಪಿತ್ತಿತು. ಕಾಗವಾಡದ ಶ್ರೀಮಂತ ಪಾಟೀಲರ ಹೆಸರಿನಲ್ಲಿ ದಾಖಲಾದ ಆ ತೀರ್ಪು, ರಾಜೀನಾಮೆ ಕೊಟ್ಟ ಮಾತ್ರಕ್ಕೆ ಅನರ್ಹತೆಯ ವಿಚಾರಣೆ ನಿಲ್ಲುವುದಿಲ್ಲವೆಂದು ಅನರ್ಹತೆಯನ್ನು ಎತ್ತಿಹಿಡಿಯಿತು. ಆದರೆ ಸಭೆಯ ಅವಧಿ ತೀರುವವರೆಗೆ ಚುನಾವಣೆಗೆ ನಿಲ್ಲಬಾರದೆಂದು ವಿಧಿಸುವ ಅಧಿಕಾರ ಸಭಾಧ್ಯಕ್ಷರಿಗಿಲ್ಲವೆಂದು ಆ ಭಾಗವನ್ನು ರದ್ದುಗೊಳಿಸಿತು. ಹೀಗೆ ಕಡೆಯ ಮಾತು ಮತದಾರನದಾಯಿತು. ಡಿಸೆಂಬರ್ 5ರಂದು 15 ಕ್ಷೇತ್ರಗಳಲ್ಲಿ ಉಪಚುನಾವಣೆ ನಡೆಯಿತು. ಗೋಕಾಕದಲ್ಲಿ ಭಾರತೀಯ ಜನತಾ ಪಕ್ಷದಿಂದ ರಮೇಶ ಜಾರಕಿಹೊಳಿಯವರು, ಕಾಂಗ್ರೆಸ್ಸಿನಿಂದ ಅವರ ತಮ್ಮ ಲಖನ್ ಜಾರಕಿಹೊಳಿಯವರು. ಬಾಲಚಂದ್ರರು ಅಣ್ಣನ ಪರವಾಗಿ, ಸತೀಶರು ತಮ್ಮನ ಪರವಾಗಿ ಪ್ರಚಾರಕ್ಕಿಳಿದರು. ನಾಡಿನ ಎರಡು ರಾಷ್ಟ್ರೀಯ ಪಕ್ಷಗಳ ಹೋರಾಟವು ಒಂದು ಮನೆತನದ ಅಂಗಳದಲ್ಲಿ ನಡೆಯಿತು. ರಮೇಶ ಜಾರಕಿಹೊಳಿಯವರು 29,000ಕ್ಕೂ ಮಿಕ್ಕ ಅಂತರದಿಂದ ಗೆದ್ದರು. ಅಥಣಿ, ಕಾಗವಾಡಗಳಲ್ಲಿಯೂ ಅನರ್ಹರಾಗಿದ್ದವರೇ ಗೆದ್ದರು. ಹದಿನೈದರಲ್ಲಿ ಹನ್ನೆರಡನ್ನು ಗೆದ್ದ ಆಡಳಿತ ಪಕ್ಷವು 117 ಸ್ಥಾನಗಳೊಡನೆ ಕಡೆಗೂ ನಿಜವಾದ ಬಹುಮತವನ್ನು ಪಡೆಯಿತು. 2020ರ ಫೆಬ್ರವರಿ 6ರಂದು ಗೋಕಾಕದ ಶಾಸಕರು ಮತ್ತೆ ಮಂತ್ರಿಯಾದರು.

ಇಂತಹ ಸಂಕಷ್ಟವು ವಿಧಾನಸಭೆಗೆ ಮಾತ್ರ ಸೀಮಿತವಾದುದಲ್ಲ. 2021ರ ಸೆಪ್ಟೆಂಬರಿನಲ್ಲಿ ಮೂರು ಮಹಾನಗರಪಾಲಿಕೆಗಳಿಗೆ ಒಟ್ಟಿಗೆ ಚುನಾವಣೆ ನಡೆದಾಗ, ಪಕ್ಷಗಳ ಚಿಹ್ನೆಯ ಮೇಲೆ ನಡೆದ ಬೆಳಗಾವಿ ಪಾಲಿಕೆಯ ಚುನಾವಣೆಯಲ್ಲಿ ಭಾರತೀಯ ಜನತಾ ಪಕ್ಷಕ್ಕೆ 58ರಲ್ಲಿ 35 ದೊರೆತು ಸ್ಪಷ್ಟ ಬಹುಮತವಾಯಿತು. ಹುಬ್ಬಳ್ಳಿ–ಧಾರವಾಡದಲ್ಲಿ ಅದಕ್ಕೆ 82ರಲ್ಲಿ 39, ಕಲಬುರಗಿಯಲ್ಲಿ ಕಾಂಗ್ರೆಸ್ಸಿಗೆ 55ರಲ್ಲಿ 27 ದೊರೆತು ಎರಡೂ ಕಡೆ ಬಹುಮತ ಕೈತಪ್ಪಿತು. ಕಲಬುರಗಿಯಲ್ಲಿ ಕೊರತೆ ಒಂದೇ ಸ್ಥಾನದ್ದು. ಆದರೂ ಮೇಯರರ ಆಯ್ಕೆಗೆ ಸುಮಾರು ಒಂದೂವರೆ ವರ್ಷ ಹಿಡಿಯಿತು, ಆಯ್ಕೆಯಾದವರು ಭಾರತೀಯ ಜನತಾ ಪಕ್ಷದವರು. ನಮ್ಮ ಪಾಲಿಕೆಗಳಲ್ಲಿ ಶಾಸಕರಿಗೂ ಸಂಸದರಿಗೂ ಮತದಾನದ ಹಕ್ಕಿರುವುದರಿಂದ ವಾರ್ಡಿನ ಮತದಾರರು ಇತ್ತ ಎಣಿಕೆಯೇ ಅಂತಿಮವಾಗುವುದಿಲ್ಲ. ಇನ್ನು ಪಕ್ಷದ ಚಿಹ್ನೆಯೇ ಇಲ್ಲದ ಗ್ರಾಮ ಪಂಚಾಯಿತಿಗಳಲ್ಲಿ, ಅಧ್ಯಕ್ಷರ ಆಯ್ಕೆಯ ದಿನದವರೆಗೆ ಮೆಂಬರುಗಳನ್ನು ಪ್ರವಾಸಕ್ಕೆಂದು ಊರು ಬಿಡಿಸಿ ಕರೆದೊಯ್ಯುವುದು ಎಲ್ಲರೂ ಬಲ್ಲ ವಿಷಯ. ಮುಂಬಯಿಯ ಹೋಟೆಲಿಗೂ ಈ ಪ್ರವಾಸಗಳಿಗೂ ಇರುವ ವ್ಯತ್ಯಾಸ ಗಾತ್ರದ್ದೇ ಹೊರತು ಗುಣದ್ದಲ್ಲ.

ಇದಕ್ಕೆ ಬೇರೊಂದು ದಾರಿಯೂ ಉಂಟೆಂಬುದಕ್ಕೆ ಇಂಗ್ಲೆಂಡಿನ ಬ್ರಿಸ್ಟಲ್ ನಗರಸಭೆಯನ್ನು ನೋಡಬಹುದು. 2024ರ ಮೇ 2ರಂದು ನಡೆದ ಚುನಾವಣೆಯಲ್ಲಿ ಅಲ್ಲಿಯ 70 ಸ್ಥಾನಗಳ ಪೈಕಿ ಹಸುರು ಪಕ್ಷವು 34ನ್ನೂ, ಲೇಬರ್ ಪಕ್ಷವು 21ನ್ನೂ, ಲಿಬರಲ್ ಡೆಮಾಕ್ರಟರು 8ನ್ನೂ, ಕನ್ಸರ್ವೇಟಿವರು 7ನ್ನೂ ಗೆದ್ದರು. ಬಹುಮತಕ್ಕೆ ಎರಡು ಸ್ಥಾನಗಳ ಕೊರತೆ. ಆ ನಗರದ ಜನರು 2022ರಲ್ಲಿ ಜನಮತಗಣನೆಯ ಮೂಲಕ ನೇರ ಚುನಾಯಿತ ಮೇಯರರ ಪದವಿಯನ್ನು ಬೇಡವೆಂದು ತೀರ್ಮಾನಿಸಿ, ಸಮಿತಿಗಳ ಮೂಲಕ ಆಡಳಿತ ನಡೆಸುವ ಪದ್ಧತಿಯನ್ನು ಆರಿಸಿಕೊಂಡಿದ್ದರು; ಸಮಿತಿಗಳಲ್ಲಿ ಪಕ್ಷಗಳಿಗೆ ಅವುಗಳ ಬಲಕ್ಕೆ ಅನುಗುಣವಾಗಿ ಸ್ಥಾನವಿರಬೇಕೆಂಬುದು ಆ ದೇಶದ ಶಾಸನ. ಹೀಗಾಗಿ ಹಸುರು ಪಕ್ಷದವರೊಬ್ಬರು ಸಭೆಯ ನಾಯಕರಾದರು. ಎರಡು ಸ್ಥಾನಗಳ ಕೊರತೆಯನ್ನು ನೀಗಲು ಸಭೆಯನ್ನು ಕುಗ್ಗಿಸುವ ಪ್ರಮೇಯವೇ ಅಲ್ಲಿ ಒದಗಲಿಲ್ಲ. ಅಲ್ಲಿಯ ಜನರು ನಮ್ಮವರಿಗಿಂತ ಸಜ್ಜನರೆಂದು ನಾನು ಹೇಳುತ್ತಿಲ್ಲ. ಸೋತ ಪಕ್ಷಕ್ಕೂ ಕೆಲಸವಿರುವ ವ್ಯವಸ್ಥೆಯಲ್ಲಿ ಪಕ್ಷ ಬಿಡುವ ಆಮಿಷ ಕಡಿಮೆಯಾಗುತ್ತದೆಂಬುದಷ್ಟೇ ನನ್ನ ಅಭಿಪ್ರಾಯ. ಗೆದ್ದವನಿಗೆ ಸರ್ವಸ್ವ, ಉಳಿದವನಿಗೆ ಶೂನ್ಯ ಎಂಬ ನಮ್ಮ ಪದ್ಧತಿಯಲ್ಲಿ, ವಿರೋಧಪಕ್ಷದ ಶಾಸಕನ ಕ್ಷೇತ್ರಕ್ಕೆ ಅನುದಾನ ಬರುವುದಿಲ್ಲವೆಂಬ ಭಯವು ಮತದಾರನಲ್ಲಿಯೂ ಇರುವುದರಿಂದ, ಪಕ್ಷ ಬದಲಿಸಿದವನನ್ನು ಅವನು ದೋಷಿಯೆಂದು ಕಾಣುವುದಿಲ್ಲ.

ಬಹುಮತವಿಲ್ಲದ ತೀರ್ಪನ್ನು ಮತದಾರರ ಅವಿವೇಕವೆಂದು ಹಳಿಯುವುದು ನಮ್ಮಲ್ಲಿ ವಾಡಿಕೆಯಾಗಿದೆ. ಚರಿತ್ರೆ ಹಾಗೆ ಹೇಳುವುದಿಲ್ಲ. ನೀವು ಯಾರೂ ಒಬ್ಬರೇ ಆಳತಕ್ಕವರಲ್ಲ, ಕೂಡಿ ಮಾತನಾಡಿ ಎಂದು ಮತದಾರರು ಕೊಡುವ ಆಜ್ಞೆಯದು; 1983ರ ಸಭೆಯು ಅದನ್ನು ಅರಿತು ನಡೆದುದರಿಂದಲೇ ಗ್ರಾಮಗಳಿಗೆ ಅಧಿಕಾರ ಬಂದಿತು. 2008, 2010, 2019ರ ಸಭೆಗಳಲ್ಲಿ ಮಾತು ಸದನದ ಹೊರಗೆ ನಡೆಯಿತು. ಅದರ ಫಲವಾಗಿ ನ್ಯಾಯಗ್ರಂಥಗಳು ದಪ್ಪವಾದುವು, ಪ್ರಾತಿನಿಧ್ಯವು ತೆಳುವಾಯಿತು. ನ್ಯಾಯಾಲಯವು ಬೊಮ್ಮಾಯಿ ಮೊಕದ್ದಮೆಯಲ್ಲಿ ಸದನಕ್ಕೆ ಗೌರವವನ್ನು ತಂದುಕೊಟ್ಟಿತು, ಜಾರಕಿಹೊಳಿ ಮೊಕದ್ದಮೆಯಲ್ಲಿ ಸಭಾಧ್ಯಕ್ಷರ ತ್ವರೆಗೆ ಅಂಕುಶ ಹಾಕಿತು, ಪಾಟೀಲ ಮೊಕದ್ದಮೆಯಲ್ಲಿ ರಾಜೀನಾಮೆಯ ನೆಪವನ್ನು ತಳ್ಳಿತು. ಇದಕ್ಕಿಂತ ಹೆಚ್ಚಿನದನ್ನು ನ್ಯಾಯಾಲಯದಿಂದ ನಿರೀಕ್ಷಿಸುವುದು ನ್ಯಾಯವಲ್ಲ. ರಾಜೀನಾಮೆಯಿತ್ತು ಪಕ್ಷ ಬದಲಿಸಿದವನು ಅದೇ ಸಭೆಯ ಅವಧಿಯಲ್ಲಿ ಮಂತ್ರಿಯಾಗಕೂಡದೆಂಬ ನಿಯಮವನ್ನು ಸಂಸತ್ತು ಮಾಡಬೇಕು. ಪಾಲಿಕೆಗಳ ಮೇಯರರ ಆಯ್ಕೆಯನ್ನು ಫಲಿತಾಂಶ ಬಂದ ತಿಂಗಳೊಳಗೆ ಮುಗಿಸುವ ನಿಯಮವನ್ನು ರಾಜ್ಯವು ಮಾಡಬೇಕು. ಉಳಿದುದು ಮತದಾರರ ಕೆಲಸ. ಯಮಕನಮರಡಿಯಲ್ಲಿಯೂ ಗೋಕಾಕದಲ್ಲಿಯೂ ಹುಕ್ಕೇರಿ, ಮೂಡಲಗಿಗಳಲ್ಲಿಯೂ ಮುಂದಿನ ಸಲ ಮತ ಕೇಳಲು ಬಂದವರನ್ನು, ಅವರು ಯಾವ ಪಕ್ಷದವರೇ ಆಗಲಿ, ರಸ್ತೆ ನೀರುಗಳ ಪ್ರಶ್ನೆಗಳ ಜೊತೆಗೆ ಇನ್ನೊಂದು ಪ್ರಶ್ನೆಯನ್ನೂ ಕೇಳಿರಿ: ಯಾರಿಗೂ ಬಹುಮತ ಬಾರದಿದ್ದರೆ ನಾವು ಕೊಟ್ಟ ಸ್ಥಾನದಲ್ಲಿ ಐದು ವರ್ಷವೂ ಕುಳಿತಿರುತ್ತೀರಾ? ಉತ್ತರವನ್ನು ನಾಲ್ಕು ಮಂದಿಯ ಎದುರಿನಲ್ಲಿ ಹೇಳಿಸಿ, ಅದನ್ನು ಮರೆಯದಿರಿ.